ಅರ್ಧ ಚಾಂದ್ ಬಿಸ್ಕೀಟು

ಹೋದ ವಾರ ನಮ್ಮ ಶಾಲೆಯ ಹಿಂದಿ ಟೀಚರು ಹೈದರಾಬಾದಿಗೆ ಹೋಗಿ ಬಂದವರು ಸ್ಟಾಫ್ ರೂಮಿನ ಮೇಜಿನ ಮೇಲೆ ಒಂದು ಕಾಗದದ ಪೊಟ್ಟಣ ಬಿಚ್ಚಿದರು. ಡಾಲ್ಡಾ, ಉಪ್ಪು, ತುಸು ಸೀದ ಮೈದಾ... ಆ ವಾಸನೆ ಮೂಗಿಗೆ ಬಡಿಯುತ್ತಲೇ ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ನಿಂತಿತು. ಒಳಗಿದ್ದದ್ದು ಚಾಂದ್ ಬಿಸ್ಕೀಟು. ಬಿದಿಗೆ ಚಂದ್ರನ ಹಾಗೆ ಬಾಗಿದ, ಉಪ್ಪುಪ್ಪು ಬಿಸ್ಕೀಟು. ಹೈದರಾಬಾದಿಗೆ ಹೋದವರು ಹೆಸರಾದ ಅಂಗಡಿಯ ಡಬ್ಬಿ ತರುತ್ತಾರೆಯೇ ಹೊರತು ಇದನ್ನು ತಂದವರನ್ನು ನಾನು ಕಂಡಿರಲಿಲ್ಲ. "ತಗೋರಿ ಟೀಚರ್, ಯಾವುದೋ ಸಂದ್ಯಾಗಿನ ಬೇಕರಿ, ಭಾಳ ಸಸ್ತಾ ಸಿಕ್ತು," ಎಂದರು. ಒಂದನ್ನು ತೆಗೆದುಕೊಂಡೆ. ತಿನ್ನಲಾಗಲಿಲ್ಲ. ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಆ ಬಿಸ್ಕೀಟನ್ನು ನನಗೆ ಮೊದಲು ತೋರಿಸಿದವಳು ಸುರಪುರದಲ್ಲಿ ನಮ್ಮ ಪಕ್ಕದ ಮನೆಯವಳು. ರಕ್ತಸಂಬಂಧವೇನೂ ಇಲ್ಲ, ಓಣಿಗೆಲ್ಲ ಅವಳು ಅತ್ತಿ. ವಯಸ್ಸಿನಲ್ಲಿ ಗಂಡನ ಜೊತೆ ಹೈದರಾಬಾದಿಗೆ ಹೋಗಿ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತವಳು, ಗಂಡ ತೀರಿಕೊಂಡ ಮೇಲೆ ಊರಿಗೆ ಮರಳಿದ್ದಳು. ಅಲ್ಲಿಂದ ತಂದ ಆಸ್ತಿ ಅಂದರೆ ಬಾಯ್ತುಂಬ ತೆಲುಗು ಮತ್ತು ಉರ್ದು. ಅವಳದೊಂದು ಹಟವಿತ್ತು. ಪರೀಕ್ಷೆಗೆ, ಹೆರಿಗೆಗೆ, ಕೋರ್ಟಿಗೆ, ಯಾರು ಎಲ್ಲಿಗೆ ಹೊರಟರೂ ತನ್ನ ಕೈಯಿಂದ ಅವರ ಬಾಯಿಗೆ ಒಂದಿಷ್ಟು ಸಕ್ಕರೆ ಹಾಕದೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. "ಬರೇ ಬಾಯಿಲೆ ಹೋಗಬಾರ್ದವಾ, ಕೆಲಸ ಆಗಂಗಿಲ್ಲ," ಅನ್ನುತ್ತಿದ್ದಳು. ನನ್ನ ಎಲ್ಲ ಪರೀಕ್ಷೆಗಳಿಗೂ ಅವಳದೇ ಸಕ್ಕರೆ.

ಅವ್ವನ ಹೊಟ್ಟೆಯಲ್ಲಿ ಗಡ್ಡೆ ಇದೆ, ಜಲ್ದಿ ತೆಗೆಸದಿದ್ದರೆ ಒಳಗೇ ಒಡೆದೀತು ಎಂದು ಕಲಬುರಗಿಯ ಡಾಕ್ಟರು ಹೈದರಾಬಾದಿನ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಾಗ ನನಗೆ ಇಪ್ಪತ್ತು ವರ್ಷ. ಅಪ್ಪ ಇರಲಿಲ್ಲ. ಯಾದಗಿರಿಯಿಂದ ಆಚೆ ರೈಲಿನಲ್ಲಿ ಹೋದವಳೇ ಅಲ್ಲ ನಾನು. ಚೀಟಿ ಹಿಡಿದು ಅಳುತ್ತ ಕೂತಿದ್ದಾಗ ಅತ್ತಿ ಬಂದು, "ಏಳು, ನಾ ಬರ್ತೀನಿ. ಅಲ್ಲಿ ನೀ ಹಿಂಗ ಮೂಕಿ ಗತೆ ನಿಂತ್ರ ಯಾರ್ ಕೇಳ್ತಾರ?" ಎಂದು ತನ್ನ ಎರಡು ಸೀರೆ ಗಂಟು ಕಟ್ಟಿದಳು.

ಆಪರೇಷನ್ನಿಗೆ ಪಾಳಿ ಬರಲು ಹನ್ನೆರಡು ದಿನ ಕಾದೆವು. ದಿನಾ ಬೆಳಿಗ್ಗೆ ಹೆಸರು ಕೂಗುತ್ತಾರೆಂದು ಕಿವಿ ನಿಮಿರಿಸಿ ಕೂಡುವುದು, ನಮ್ಮದಲ್ಲದ ಹೆಸರು ಕೇಳಿ ಉಸಿರು ಬಿಡುವುದು. ಅವ್ವನಿಗೆ ಆಸ್ಪತ್ರೆಯ ಅನ್ನ ಒಳಗೆ ಇಳಿಯುತ್ತಿರಲಿಲ್ಲ. ಎರಡು ತುತ್ತಿಗೇ ವಾಂತಿ. ಮೂರನೆಯ ದಿನ ಅತ್ತಿ ಮಧ್ಯಾಹ್ನ ಎದ್ದು ಹೋದವಳು ಎರಡು ತಾಸಾದರೂ ಬರಲಿಲ್ಲ. ಆಮೇಲೆ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಬಂದಳು. ಆಸ್ಪತ್ರೆಯ ಹಿಂದೆ ಮೂರು ಸಂದಿ ದಾಟಿದರೆ ಬೋರ್ಡೂ ಇಲ್ಲದ ಒಂದು ಬೇಕರಿ, ಮುಂದಿನ ಬಾಗಿಲಲ್ಲಿ ಗಿರಾಕಿಗಳ ನೂಕುನುಗ್ಗಲು. ಹಿಂದಿನ ಬಾಗಿಲಿಗೆ ನಾಲ್ಕು ಗಂಟೆಗೆ ಹೋದರೆ ಭಟ್ಟಿಯಿಂದ ಇಳಿಸುವಾಗ ಮುರಿದ ಚಾಂದ್ ಬಿಸ್ಕೀಟು, ಕೊಬ್ಬರಿ ತುಂಬಿದ ದಿಲ್‌ಪಸಂದಿನ ಒಡೆದ ಅಂಚು, ಸಕ್ಕರೆ ಉದುರಿದ ಪದರುಪದರಿನ ಖಾರಿ, ಎಲ್ಲ ಕೂಡಿಸಿ ಚೂರಾ ಅಂತ ಪುಕ್ಕಟೆಯ ಹಾಗೆ ಕೊಡುತ್ತಿದ್ದರು. ಹಳೆಯ ದಿನಗಳಲ್ಲಿ ಇಟ್ಟಿಗೆ ಹೊರುವವರ ಊಟವೇ ಅದಾಗಿತ್ತಂತೆ.

"ಮುರದದ್ದು ತಂದಿಯಲ್ಲ ಅತ್ತಿ?" ಎಂದು ನಾನು ಮುಖ ಸಿಂಡರಿಸಿದೆ.

"ಹೊಟ್ಟ್ಯಾಗ ಇಡೀದು ಹೋಗ್ತದೇನು? ತಿನ್ನು ಸುಮ್ನ."

ಯವ್ವಾ, ಎಂಥ ರುಚಿ! ಅವ್ವ ಚಾಂದ್ ಬಿಸ್ಕೀಟನ್ನೇ ಆರಿಸಿ ಆರಿಸಿ ಚಹಾದಲ್ಲಿ ಅದ್ದಿ ತಿಂದಳು. ವಾಂತಿಯಾಗಲಿಲ್ಲ. ಅಂದಿನಿಂದ ಅವಳ ಹೊಟ್ಟೆಗೆ ಅದೇ ಆಧಾರವಾಯಿತು.

ಹದಿಮೂರನೆಯ ದಿನ ಹೆಸರು ಬಂತು. ಹಿಂದಿನ ಸಂಜೆಯೇ ನರ್ಸು ಅತ್ತಿಗೆ ತೆಲುಗಿನಲ್ಲಿ ಹೇಳಿ ಹೋಗಿದ್ದಳು, ಬೆಳಿಗ್ಗೆ ಏನೂ ತಿನ್ನಿಸಬಾರದು ಅಂತ. ಅತ್ತಿ ನನಗೂ ಹೇಳಿದ್ದಳು. ಬೆಳಿಗ್ಗೆ ನಾನು ಕಾಗದಕ್ಕೆ ಸಹಿ ಹಾಕಿ ಬಂದು ನೋಡುತ್ತೇನೆ, ಅವ್ವನ ತುಟಿಯ ಮೇಲೆ ಬಿಸ್ಕೀಟಿನ ಪುಡಿ. ಪಕ್ಕದಲ್ಲಿ ಖಾಲಿ ಚಹಾ ಲೋಟ, ಅರ್ಧ ಚಾಂದ್ ಬಿಸ್ಕೀಟು.

"ಅತ್ತಿ, ಏನ್ ಮಾಡ್ದಿ ಇದು?"

"ಊಟ ಎಲ್ಲಿ ಕೊಟ್ಟೀನಿ? ಒಪ್ಪತ್ತು ಹಿಡದವ್ರಿಗೂ ಚಾ ನಡೀತದ. ಅರ್ಧ ಬಿಸ್ಕೀಟು... ಬರೇ ಬಾಯಿಲೆ ಹ್ಯಾಂಗ ಕಳಸ್ಲಿ?"

ನಮ್ಮ ಕಡೆ ಒಪ್ಪತ್ತಿನ ದಿನ ಚಹಾ ಕುಡಿದರೆ ಉಪವಾಸ ಮುರಿಯುವುದಿಲ್ಲ. ನರ್ಸಿನ ಮಾತನ್ನೂ ಅವಳು ಅದೇ ತಕ್ಕಡಿಗೆ ಹಾಕಿದ್ದಳು. ಅಷ್ಟರಲ್ಲಿ ಹೊರಗೆ ಗಾಲಿಗಳ ಸದ್ದು. ಅವ್ವ ನನ್ನ ಮುಂಗೈ ಹಿಡಿದು, "ಯಾರಿಗೂ ಹೇಳಬ್ಯಾಡ್ರಿ. ಇವತ್ತ ತಪ್ಪಿದ್ರ ನನ್ನ ಹೆಣಾನ ಒಯ್ಯೂದು," ಎಂದಳು. ನಾನು ಅವಳ ತುಟಿ ಒರೆಸಿದೆ, ಲೋಟವನ್ನು ಮಂಚದ ಕೆಳಗೆ ತಳ್ಳಿದೆ. ಅತ್ತಿಗೆ ಕಣ್ಣು ಬಿಟ್ಟು ಹೇಳಿದೆ: "ಕೇಳಿದ್ರ ಇಲ್ಲ ಅನ್ನು. ತಿಳೀತೇನು? ಇಲ್ಲ ಅನ್ನು."

ಆಪರೇಷನ್ ಕೋಣೆಯ ಬಾಗಿಲಲ್ಲಿ ಹಸಿರು ಟೊಪ್ಪಿಗೆಯ ಡಾಕ್ಟರು ಕಾಗದ ನೋಡುತ್ತ ತೆಲುಗಿನಲ್ಲಿ ಕೇಳಿದರು, "ಏಮೈನಾ ತಿನ್ನದಾ?" ಏನಾದರೂ ತಿಂದಿದ್ದಾಳೆಯೇ ಎಂದು. ಅದು ನನಗೂ ತಿಳಿಯಿತು. ಉತ್ತರ ಕೊಡಬೇಕಾದವಳು ಅತ್ತಿ. ಅವಳು ಅವ್ವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಡಾಕ್ಟರು ತಲೆ ಎತ್ತಿ ಇನ್ನೊಮ್ಮೆ ಕೇಳಿದರು.

"ತಿನ್ನದಿ ಸಾರ್," ಎಂದಳು ಅತ್ತಿ. "ನೇನೇ ಪೆಟ್ಟಿನಾ." ತಿಂದಾಳೆ, ನಾನೇ ತಿನ್ನಿಸಿದೆ.

ಗಾಲಿಮಂಚ ತಿರುಗಿತು. ನಮ್ಮ ಪಾಳಿ ಬೇರೆಯವರಿಗೆ ಹೋಯಿತು. ಆಗ ನಾನು ವರಾಂಡದಲ್ಲಿ, ಹತ್ತಾರು ಜನರ ಮುಂದೆ, ಸುರಪುರದ ಅಷ್ಟೂ ಬಾಯಿ ತೆಗೆದೆ. "ನಮ್ಮವ್ವನ್ನ ಕೊಲ್ಲಾಕಂತನ ಬಂದೀ ನೀ! ಇನ್ನ ಮ್ಯಾಲೆ ಯಾರ ಬಾಯಿಗೂ ಆ ಕೈ ಒಯ್ಯಬ್ಯಾಡ!"

ಅವಳು, "ಅವ್ರು ಕೇಳಿದ್ರವಾ..." ಎಂದಷ್ಟೇ ಹೇಳಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಮುಂದಿನ ಪಾಳಿಗೆ ಐದು ದಿನ. ಅವ್ವ ನೋವಿಗೆ ಒಮ್ಮೆ ಮುಲುಗಿದರೂ ಗಡ್ಡೆ ಒಡೆಯಿತೇನೋ ಎಂದು ನನ್ನ ಜೀವ ಹಾರುತ್ತಿತ್ತು. ಆ ಐದೂ ದಿನ ಅತ್ತಿ ಬೇಕರಿಯ ಹಿಂಬಾಗಿಲಿಗೆ ಹೋಗಿ ಬಂದಳು. ಆದರೆ ಗಂಟನ್ನು ಕಿಟಕಿಯ ಮೇಲಿಟ್ಟು, "ನೀನ ಕೊಡು," ಅನ್ನುತ್ತಿದ್ದಳು. ಆಪರೇಷನ್ ಆಯಿತು. ಅದೇ ಡಾಕ್ಟರು ಹೊರಗೆ ಬಂದು ಅವಳಿಗೆ ತೆಲುಗಿನಲ್ಲಿ ಬಹಳ ಹೊತ್ತು ಏನೇನೋ ಹೇಳಿದರು. ಏನಂದರು ಎಂದು ಕೇಳಿದರೆ, "ಎಲ್ಲಾ ಚಲೋ ಆಗ್ಯಾದಂತ," ಎಂದಳು.

ಎರಡು ವರ್ಷದ ಮೇಲೆ ನನ್ನ ಮದುವೆ. ಶಹಾಪುರಕ್ಕೆ ಕಳಿಸಿಕೊಡುವಾಗ ಓಣಿಯ ಹೆಂಗಸರೆಲ್ಲ ಸಾಲಾಗಿ ಬಂದು ಬಾಯಿಗೆ ಸಕ್ಕರೆ ಹಾಕಿದರು. ಅತ್ತಿ ಹಿಂದೆ, ಕಂಬದ ಹತ್ತಿರ ನಿಂತಿದ್ದಳು. ಮುಂದೆ ಬರಲಿಲ್ಲ. ನಾನು ನೋಡಿದೆ. ಕರೆಯಬಹುದಿತ್ತು... ಕರೆಯಲಿಲ್ಲ. ಏನು ಸೊಕ್ಕೋ ನನಗೆ.

ಮಗನ ಟಾನ್ಸಿಲ್ ಆಪರೇಷನ್ನಿನ ಹೊತ್ತಿಗೆ ಕಲಬುರಗಿಯ ನರ್ಸೊಬ್ಬಳು ಬಿಡಿಸಿ ಹೇಳಿದಳು: ತಿಂದದ್ದನ್ನು ಮುಚ್ಚಿಟ್ಟರೆ ಅರಿವಳಿಕೆ ಕೊಟ್ಟಾಗ ಅದು ಮೇಲೆ ಬಂದು ಶ್ವಾಸಕ್ಕೆ ಇಳಿಯಬಹುದು, ಮೇಜಿನ ಮೇಲೆಯೇ ಜೀವ ಹೋಗಬಹುದು. ಅವ್ವನನ್ನು ಕೊಲ್ಲಲು ಹೊರಟವಳು ನಾನು! ಡಾಕ್ಟರು ಅತ್ತಿಗೆ ಹೇಳಿದ್ದೂ ಇದನ್ನೇ ಇರಬೇಕು. ನನಗೆ ನೋವಾದೀತೆಂದು ನುಂಗಿಕೊಂಡಿದ್ದಳು.

ಶಹಾಪುರದಿಂದ ಸುರಪುರಕ್ಕೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಈ ಭಾನುವಾರ ಹೋದರಾಯಿತು, ಕಾಲು ಹಿಡಿದರಾಯಿತು ಅಂದುಕೊಂಡೆ. ಮನೆಗೆಲಸ, ಮಗನ ಜ್ವರ, ಪೇಪರು ತಿದ್ದುವುದು... ಮೂರು ಭಾನುವಾರ ಕಳೆದವು. ನಾಲ್ಕನೆಯದಕ್ಕೆ ಮೊದಲೇ ಫೋನು ಬಂತು, ಅತ್ತಿ ಹಿಂದಿನ ದಿನ ತೀರಿಕೊಂಡಳೆಂದು. ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಜೊತೆಗಿದ್ದ ಅವಳ ಮಗಳು ನಲ್ಲಿಗೆ ನೀರು ಹಿಡಿಯಲು ಹೋಗಿದ್ದಾಗ ಕೂತಲ್ಲೇ ಪ್ರಾಣ ಹೋಗಿತ್ತಂತೆ. ಬಾಯಿಗೆ ಒಂದು ಹನಿ ನೀರು ಬಿಡಲೂ ಹತ್ತಿರ ಯಾರೂ ಇರಲಿಲ್ಲ.

ಅವ್ವ ಈಗ ನನ್ನ ಹತ್ತಿರವೇ ಇದ್ದಾಳೆ. ಮೊನ್ನೆ ಸಂಜೆ ಕರ್ಚೀಫು ಬಿಚ್ಚಿ ಅವಳ ಕೈಗೆ ಕೊಟ್ಟೆ. ಮೂಸಿ ನೋಡಿದಳು. ಎರಡು ತುಂಡು ಮಾಡಿ ಒಂದನ್ನು ಚಹಾದಲ್ಲಿ ಅದ್ದಿ ತಿಂದಳು, ಇನ್ನೊಂದನ್ನು ನನ್ನ ಮುಂದೆ ಹಿಡಿದು, "ಬಾಯಿ ತೆಗಿ," ಎಂದಳು.

ತೆಗೆದೆ. ಅದೇ ಉಪ್ಪು, ಅದೇ ಡಾಲ್ಡಾ. ನಮ್ಮ ಓಣಿಯಿಂದ ಯಾರನ್ನೂ ಬರೇ ಬಾಯಿಲೆ ಕಳಿಸದ ಅತ್ತಿ, ತಾನು ಮಾತ್ರ ಹಾಗೇ ಹೋದಳು.