ಅಳಿಸಲು ನನಗೆ ಅನುಮತಿಯಿಲ್ಲ

ಮಿತ್ರರೇ, ನನ್ನ ಮನೆಯ ಕಂಪ್ಯೂಟರ್ ಇಂದು ನನ್ನ ಅಧಿಕಾರವನ್ನೇ ತಳ್ಳಿಹಾಕಿತು. ತೀರಿಹೋದ ಮಗನ ಆಸ್ಪತ್ರೆಯ ದಿನಗಳ ಫೋಟೋಗಳು ಅದರಲ್ಲಿವೆ. ಅವನ್ನು ತೆರೆದಾಗಲೆಲ್ಲ ನನ್ನ ಹೆಂಡತಿ ಊಟ ಬಿಡುತ್ತಾಳೆ. ಆದ್ದರಿಂದ ಅಳಿಸಲು ಹೊರಟೆ. ಅನುಮತಿಯಿಲ್ಲ ಎಂದಿತು. ಕಂಪ್ಯೂಟರ್ ರಿಪೇರಿ ಮಾಡುವ ಸಲೀಮನನ್ನು ಶಿರಾದಿಂದ ಕರೆಸಿದೆ, ಮಗನ ಗೆಳೆಯ.

“ನಿಮ್ಮ ಮಗ ಮನೆಯವರಿಗೆಲ್ಲ ಪರ್ಮಿಷನ್ ಕೊಟ್ಟವ್ನೆ ಸಾರ್. ಆದ್ರೆ ಡಿಲೀಟ್ ಮಾಡಂಗಿಲ್ಲ ಅಂತ ನಿಮ್ಮೊಬ್ರ ಹೆಸರಿಗೆ ತಡೆ ಹಾಕವ್ನೆ.”

“ಮನೆಯವರಿಗೆ ಅನುಮತಿಯಿದೆ, ನಾನು ಮನೆಯ ಯಜಮಾನ. ಆದ್ದರಿಂದ ನನಗೂ ಇದೆ,” ಎಂದು ವಾದಿಸಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ತರ್ಕಕ್ಕೆ ಚಪ್ಪಾಳೆ ಬೀಳುತ್ತಿತ್ತು.

“ಇಲ್ಲಿ ಅಂಗಲ್ಲ ಸಾರ್. ಹತ್ತು ಕಡೆ ಹೂಂ ಅಂದಿದ್ರೂ ಒಂದು ಕಡೆ ಬ್ಯಾಡ ಅಂದ್ರೆ ಬ್ಯಾಡಾನೇ ಗೆಲ್ಲೋದು. ‘ಅಮ್ಮ ಅತ್ರೆ ಅಪ್ಪ ಎಲ್ಲಾ ಅಳಿಸ್ಬುಡ್ತಾರೆ ಕಣ್ಲಾ’ ಅಂತಿದ್ದ. ನಾನು ಆ ತಡೆ ತೆಗೆದ್ಬುಡ್ಲಾ?”

ಬೇಡವೆಂದೆ. ಮಗನ ನಿರ್ಣಯ ತಪ್ಪೆಂದು ಸಾಧಿಸಲು ನನ್ನ ಬಳಿ ವಾದಗಳಿಗೇನೂ ಕೊರತೆಯಿಲ್ಲ. ಆದರೆ ಎದುರಾಳಿಯಿಲ್ಲದ ವೇದಿಕೆಯಲ್ಲಿ ನಾನು ಎಂದೂ ಬಹುಮಾನ ತೆಗೆದುಕೊಂಡವನಲ್ಲ.