ನಾಗನೂರಿನಿಂದ ಬರುತ್ತಿದ್ದ ಸಮುದ್ರದ ಗಾಳಿ

ಹೊನ್ನಾವರದ ಆಚೆಯ ಮೀನುಗಾರರ ಹಳ್ಳಿಯೊಂದಕ್ಕೆ ನಾನು ನರ್ಸಾಗಿ ಹೋದ ವಾರದಲ್ಲೇ, ಬಯಲುಸೀಮೆಯ ನಮ್ಮೂರು ನಾಗನೂರಿನಲ್ಲಿದ್ದ ಅಪ್ಪ ಮೊಬೈಲಿನಲ್ಲಿ ನಾನಿದ್ದ ಕಡೆಯ ಗಾಳಿ ನೋಡಲು ಶುರು ಮಾಡಿದ. ಗಾಳಿಯ ಆ್ಯಪನ್ನು ಅವನು ಹಾಕಿಸಿಕೊಂಡಿದ್ದು ಕಬ್ಬಿಗಾಗಿ. ಜೋರು ಗಾಳಿ ಬಂದರೆ ಬೆಳೆದ ಕಬ್ಬು ಮಲಗಿಬಿಡುತ್ತದೆ. ಈಗ ಕಬ್ಬಿನ ಜೊತೆ ಮಗಳೂ ಸೇರಿಕೊಂಡಳು. ಬೆಳಿಗ್ಗೆ ಆರಕ್ಕೆ ಸರಿಯಾಗಿ ಫೋನು.

"ಇವತ್ತ ಪಡುವಲ ಗಾಳಿ ಐತಿ ನೋಡ. ತಾಸಿಗೆ ಮೂವತ್ತ ಕಿಲೋಮೀಟರ. ಸಮುದ್ರದ ದಂಡಿಗೆ ಹೋಗಬ್ಯಾಡ."

"ಅಪ್ಪಾ, ನಾ ಸೂಜಿ ಮಾಡಾಕ ಹೊಂಟೇನಿ, ಮೀನ ಹಿಡ್ಯಾಕಲ್ಲ."

ಅಪ್ಪ ಅಲ್ಲಿಯವರೆಗೆ ಸಮುದ್ರವನ್ನೇ ನೋಡಿರಲಿಲ್ಲ.

ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಹುಟ್ಟಿದಾಗಿನಿಂದ ದೋಣಿಯಲ್ಲೇ ಬೆಳೆದ ಮೀನುಗಾರರು. ಒಂದು ದಿನ ಅಂಗಳದಲ್ಲಿ ಬಲೆ ಸರಿಮಾಡುತ್ತ ಕೂತಿದ್ದವರು ಈ ಮಾತು ಕೇಳಿ, ಫೋನು ಇಸಿದುಕೊಂಡರು. "ಎಂತ ಯಜಮಾನ್ರೆ, ನಾಳೆ ಹೇಗೆ?" ಎಂದರು. ಮುಗಿಯಿತು. ಅಂದಿನಿಂದ ಫೋನು ನನ್ನದು, ಮಾತು ಅವರಿಬ್ಬರದು. ಅಪ್ಪ ಹೇಳಿದ್ದನ್ನೆಲ್ಲ ಅವರು ಗಂಭೀರವಾಗಿ ಕೇಳುತ್ತಿದ್ದರು. ಆಮೇಲೆ ಹೊರಗೆ ಹೋಗಿ ಆಕಾಶ ನೋಡಿ, ತಮಗೆ ತೋಚಿದ್ದನ್ನೇ ಮಾಡುತ್ತಿದ್ದರು. ಅವರ ಮಗಳ ಮದುವೆ ಗೊತ್ತಾದಾಗ ಮೊದಲ ಕರೆಯೋಲೆ ನಾಗನೂರಿಗೇ ಹೋಯಿತು.

ಮದುವೆಯ ದಿನ ಬೆಳಿಗ್ಗೆ ಅಪ್ಪ ಬಸ್ಸಿಳಿದ. ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಮೊಬೈಲು, ತಲೆಯ ಮೇಲೆ ಗರಿಗರಿ ಬಿಳಿ ಟೋಪಿ. ಕಡಲ ದಡದ ಅಂಗಳದಲ್ಲಿ ದೊಡ್ಡ ಶಾಮಿಯಾನ ಹಾಕಿದ್ದರು. ಅವನು ನೀರು ಕೂಡ ಕುಡಿಯಲಿಲ್ಲ, ಕಡಲಿನತ್ತ ತಿರುಗಿಯೂ ನೋಡಲಿಲ್ಲ; ಕಣ್ಣೆಲ್ಲ ಮೊಬೈಲಿನ ಮೇಲೆ.

"ಹನ್ನೆರಡಕ್ಕ ಪಡುವಲ ಗಾಳಿ ಏಳತೈತ್ರಿ. ಆ ಬಾಜೂ ಹಗ್ಗ ಬಿಗಿ ಮಾಡ್ರಿ!"

"ಇವತ್ತು ಸಂಜೆವರೆಗೆ ಗಾಳಿ ಇಲ್ಲ ಯಜಮಾನ್ರೆ, ಚಾ ಕುಡೀರಿ," ಎಂದರು ಮನೆಯ ಯಜಮಾನರು. ಆದರೂ ನೆಂಟನ ಮನಸ್ಸು ನೋಯಿಸಬಾರದೆಂದು, ಇಬ್ಬರೂ ಸೇರಿ ಸಮುದ್ರದ ಕಡೆಯ ಹಗ್ಗಗಳನ್ನೆಲ್ಲ ಎಳೆದು ಕಟ್ಟಿದರು.

ಗಾಳಿ ಹತ್ತೂವರೆಗೇ ಬಂತು. ಅದೂ ಬೆನ್ನ ಹಿಂದಿನ ಗುಡ್ಡದ ಕಡೆಯಿಂದ.

ಆ ಬದಿಯ ಎರಡು ಗೂಟ ಕಿತ್ತುಬಂದವು. ಶಾಮಿಯಾನ ಹೊಟ್ಟೆ ಉಬ್ಬಿಸಿಕೊಂಡು ಮೇಲೆದ್ದಿತು. ಅಪ್ಪ ಓಡಿ ಹಗ್ಗ ಹಿಡಿದ, ಮನೆಯ ಯಜಮಾನರೂ ಅದೇ ಹಗ್ಗ ಹಿಡಿದರು. ನೋಡುನೋಡುತ್ತಿದ್ದಂತೆ ಅಪ್ಪನ ಪಾದಗಳು ನೆಲ ಬಿಟ್ಟು ಒಂದು ಗೇಣು ಮೇಲೆ ಹೋದವು.

"ಬಿಡಬ್ಯಾಡ್ರೀ!" ಎಂದು ಅಪ್ಪ ಕೂಗಿದ.

"ನೀವೇ ಬಿಡಬೇಡಿ ಮಾರಾಯ್ರೆ!"

ಮದುಮಗ ಬಂದು ಅಪ್ಪನ ಸೊಂಟಕ್ಕೆ ಜೋತುಬಿದ್ದ. ಮದುಮಗಳು ಕಂಬ ತಬ್ಬಿಕೊಂಡಳು. ಪುರೋಹಿತರು ಅಕ್ಕಿಯ ತಟ್ಟೆಯನ್ನು ಎದೆಗವಚಿಕೊಂಡು ಕೂತರು. ನಾನು ಹಿಡಿಯಲು ಹೋದವಳು ನಕ್ಕು ನಕ್ಕು ಮರಳಿನ ಮೇಲೆಯೇ ಕೂತುಬಿಟ್ಟೆ.

ಅಷ್ಟರಲ್ಲಿ ಅಪ್ಪನ ಟೋಪಿ ಹಾರಿತು. ಅವನು ಹಗ್ಗ ಬಿಟ್ಟು ಟೋಪಿಯ ಹಿಂದೆ ಓಡಿದ. ಅದು ಉರುಳಿತು, ಎದ್ದಿತು, ಅಲೆಯ ಮೇಲೆ ಕೂತು ಒಳಗೆ ಹೋಯಿತು. ಅಪ್ಪನೂ ಹೋದ. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಗಕ್ಕನೆ ನಿಂತ. ಟೋಪಿ ದೂರ ತೇಲಿ ಹೋಗುತ್ತಿದ್ದರೂ ಅತ್ತ ನೋಡಲಿಲ್ಲ. ಅವನ ಕಣ್ಣು ಸಮುದ್ರದ ಮೇಲಿತ್ತು.

"ಎಷ್ಟ ದೊಡ್ಡದೈತಲೇ ಮಗಳ! ಮೊಬೈಲಿನ್ಯಾಗ ಇದು ಬರೇ ನೀಲಿ ಪಟ್ಟಿ!"

ಇನ್ನೊಂದು ಅಲೆ ಬಂದು ಸೊಂಟದವರೆಗೆ ತೋಯಿಸಿತು. ಅವನು ಸಣ್ಣ ಹುಡುಗನಂತೆ ಕುಣಿದ. ಒಂದು ಕೈಯಲ್ಲಿ ಮೊಬೈಲು ಮಾತ್ರ ಮೇಲೆಯೇ ಇತ್ತು.

ಶಾಮಿಯಾನ ಕೊನೆಗೆ ಪಕ್ಕದ ದೋಣಿಯ ಮೇಲೆ ಮಗುಚಿ ಬಿತ್ತು. ತಾಳಿ ಬಯಲಿನಲ್ಲೇ, ಬಿಸಿಲಿನಲ್ಲೇ ಕಟ್ಟಿದರು. ಮದುಮಗಳು ತಲೆ ತಗ್ಗಿಸಬೇಕಾದಾಗಲೆಲ್ಲ ನಗು ಉಕ್ಕಿ ತಲೆ ಎತ್ತಿಬಿಡುತ್ತಿದ್ದಳು. ಅಪ್ಪ ಮನೆಯ ಯಜಮಾನರ ಲುಂಗಿ ಉಟ್ಟು, ಅವರ ಪಕ್ಕದಲ್ಲೇ ಕೂತು, ಅಕ್ಷತೆ ಹಾಕಿದ. ಒಂದೇ ದಿನಕ್ಕೆಂದು ಬಂದವನು ನಾಲ್ಕು ದಿನ ಉಳಿದ.