ಹದಿನೇಳು ಮೆಟ್ಟಿಲಿಗೆ ಹದಿನೇಳು ಕೆಂಪು ಬಾಣ

ಬೆಳಗಿನ ಆರು ಗಂಟೆ. ಚಾಂಪಿಯನ್ ರೀಫ್ಸ್‌ನ ರೈಲು ನಿಲ್ದಾಣದಲ್ಲಿ ಸೆಲ್ವಿ ಬಾಯಿಗೆ ನೀರು ಹಾಕಿಕೊಂಡು ಮುಕ್ಕಳಿಸಿ ಉಗುಳುತ್ತಾರೆ. ನುಂಗುವುದಿಲ್ಲ. ಊರುಗೋಲನ್ನು ಮೊದಲು ಬೋಗಿಯೊಳಗೆ ತಳ್ಳಿ, ಕಂಬಿ ಹಿಡಿದು ತಾವು ಹತ್ತುತ್ತಾರೆ. ಸಂಜೆ ಮನೆ ಸೇರುವ ತನಕ ಇನ್ನು ಒಂದು ಗುಟುಕೂ ಇಲ್ಲ. ಯಾವ ವ್ರತ ಅಕ್ಕಾ ಎಂದು ಜೊತೆಯ ಹುಡುಗಿಯರು ಕೆಣಕಿದರೆ, “ಮೆಟ್ಲಮ್ಮನ ವ್ರತ ಕಣ್ರೇ!” ಎಂದು ನಗುತ್ತಾರೆ.

ಸೆಲ್ವಿಗೆ ನಲವತ್ಮೂರು. ಮೂರನೇ ವಯಸ್ಸಿಗೇ ಪೋಲಿಯೊ ಎಡಗಾಲನ್ನು ಕಸಿದುಕೊಂಡಿತು. ಬಂಗಾರಪೇಟೆಯ ಗಾರ್ಮೆಂಟ್ಸ್ ಒಂದರಲ್ಲಿ ಒಂಬತ್ತು ವರ್ಷದಿಂದ ಚೆಕ್ಕಿಂಗ್ ಕೆಲಸ. ದಿನಕ್ಕೆ ಆರುನೂರು ಶರ್ಟು ಅವರ ಕೈ ದಾಟುತ್ತವೆ. ಬಿಟ್ಟುಹೋದ ಹೊಲಿಗೆ ಕಣ್ಣಿಗಿಂತ ಮೊದಲು ಅವರ ಹೆಬ್ಬೆರಳಿಗೆ ಸಿಗುತ್ತದೆ. ಸಿಕ್ಕಲ್ಲಿ ಒಂದು ಕೆಂಪು ಬಾಣದ ಸ್ಟಿಕ್ಕರ್. ಬಾಣ ಅಂಟಿದ ಶರ್ಟು ತಿದ್ದದೆ ಮುಂದೆ ಹೋಗುವಂತಿಲ್ಲ.

ಆ ಫ್ಯಾಕ್ಟರಿಯಲ್ಲಿ ಹೆಂಗಸರ ಶೌಚಾಲಯ ಇರುವುದು ಮಹಡಿಯ ಮೇಲೆ, ಹದಿನೇಳು ಮೆಟ್ಟಿಲಾಚೆ. ಅಪ್ಪನನ್ನು ಚಿನ್ನದ ಗಣಿಯ ತಳಕ್ಕಿಳಿಸಲು ಲಿಫ್ಟಿತ್ತು; ಮಗಳಿಗೆ ಒಂದು ಮಹಡಿಗೂ ಇಲ್ಲ.

“ನೀರು ಕುಡೀದಿದ್ರೆ ಕಿಡ್ನಿ ಓಗ್ತದೆ ಅಂದ್ರು ಡಾಕ್ಟ್ರು. ಕುಡುದ್ರೆ ಮ್ಯಾಕೆ ಓಗ್ಬೇಕಲ್ಲ! ಓದ್ ವರ್ಷ ಅಲ್ಲೇ ಬಿದ್ದು ಮಂಡಿ ಒಡ್ಕೊಂಡೆ.”

ಎರಡು ವರ್ಷದಲ್ಲಿ ಮೂರು ಸಲ ಮೂತ್ರದ ಸೋಂಕು. ಕೆಳಗೆ, ಆಫೀಸಿನ ಪಕ್ಕದಲ್ಲೇ ಇನ್ನೊಂದು ಶೌಚಾಲಯವಿದೆ. ಅತಿಥಿಗಳಿಗೆಂದು ಬೀಗ ಜಡಿದಿದ್ದಾರೆ. ಅದನ್ನು ತೆರೆಯಿರೆಂದು ಸೆಲ್ವಿ ಕೊಟ್ಟ ನಾಲ್ಕು ಅರ್ಜಿಗೂ ಒಂದೇ ಉತ್ತರ: ನೋಡೋಣ. ಅಂಗವಿಕಲರಿಗೆ ಕೆಲಸ ಕೊಟ್ಟಿದ್ದೇವೆಂದು ಗೇಟಿನಲ್ಲೇ ಬೋರ್ಡು ಹಾಕಿಕೊಂಡವರಿಗೆ ಒಂದು ಬೀಗ ತೆಗೆಯಲು ಇನ್ನೆಷ್ಟು ವರ್ಷ ಬೇಕು?

ಕಳೆದ ವಾರ ವಿದೇಶಿ ಖರೀದಿದಾರರು ತಪಾಸಣೆಗೆ ಬರುವವರಿದ್ದರು. ಬೆಳಿಗ್ಗೆಯೇ ಬಾಡಿಗೆಯ ಗಾಲಿಕುರ್ಚಿಯೊಂದು ಬಂದಿಳಿಯಿತು. ಸೂಪರ್‌ವೈಸರ್ ಕಾಂತರಾಜ್ ಅದನ್ನು ಸೆಲ್ವಿಯ ಮುಂದೆ ತಂದು ನಿಲ್ಲಿಸಿದರು.

“ಇದ್ರಾಗೆ ಕೂತ್ಕೊಳಮ್ಮ, ಫೋಟೋ ತೆಗೀತಾರೆ.”

“ನಾನು ನಡೀತೀನಲ್ಲಣ್ಣಾ?”

“ನಡುದ್ರೆ ಫೋಟೋದಾಗೆ ಗೊತ್ತಾಗಲ್ಲ ಕಣಮ್ಮ!”

ಸೆಲ್ವಿ ಕೂರಲಿಲ್ಲ. ಸ್ಟಿಕ್ಕರಿನ ಸುರುಳಿ ಸೊಂಟಕ್ಕೆ ಸಿಕ್ಕಿಸಿಕೊಂಡು ಶೌಚಾಲಯದ ಮೆಟ್ಟಿಲಿಗೆ ಹೋಗಿ, ಕೂತುಕೊಂಡೇ ತೆವಳಿ ಹತ್ತುತ್ತ, ಮೆಟ್ಟಿಲಿಗೊಂದರಂತೆ ಬಾಣ ಅಂಟಿಸಿದರು. ಬಂದವರು ಬಟ್ಟೆಯ ವ್ಯಾಪಾರದವರು. ಅದರ ಅರ್ಥ ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮೆಟ್ಟಿಲ ಬುಡದಲ್ಲೇ ನಿಂತು, ಇಲ್ಲೇನು ತಪ್ಪಿದೆ ಎಂದು ಆಫೀಸಿನವರನ್ನು ಕೇಳಿದರು.

ಮರುದಿನ ನೋಟಿಸು: ಸೋಮವಾರದೊಳಗೆ ಕ್ಷಮಾಪಣೆ ಬರೆದುಕೊಡಬೇಕು, ಇಲ್ಲದಿದ್ದರೆ ಕೆಲಸವಿಲ್ಲ.

“ಬರ್ದ್ ಕೊಟ್ಬಿಡಕ್ಕಾ, ಒಂದ್ ಕಾಗ್ದ ತಾನೆ,” ಎನ್ನುತ್ತಾಳೆ ಪಕ್ಕದ ಮೇಜಿನ ಕಲ್ಪನ.

“ಏನಂತ ಬರೀಲೇ? ತಪ್ಪಿದ್ ಕಡೆನೇ ಬಾಣ ಅಂಟ್ಸಿದ್ದು ತಪ್ಪಾಯ್ತು ಅಂತಾನಾ?”

ಈವರೆಗೆ ಒಂದಕ್ಷರವನ್ನೂ ಬರೆದಿಲ್ಲ. ಏನು ಬೇಕು ನಿಮಗೆ ಎಂದರೆ ಸೆಲ್ವಿ ತಡವರಿಸುವುದಿಲ್ಲ.

“ಆ ಬೀಗ ತೆಗುದ್ರೆ ಸಾಕು. ಅತ್ತು ಗಂಟೆಗೆ ಎಲ್ರೂ ಟೀ ಕುಡೀತಾರೆ. ಒಂಬತ್ ವರ್ಷದಿಂದ ಬರೀ ವಾಸ್ನೆ ನೋಡ್ಕೊಂಡ್ ಕೂತಿವ್ನಿ. ನಂಗೂ ಒಂದ್ ಲೋಟ ಬೇಕು.”